ಜಮೀಲಾಬೀಯ ಪರಸೂಂ

ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯ ಬಾಗಿಲಿಗೆ ಕೀಲಿ ಬಿದ್ದದ್ದು ಒಂದೇ ಸಲ, ಅದೂ ಎಂಟೇ ದಿನ. ಆಗಬಾರದ್ದು ಆದದ್ದು ಆ ಎಂಟು ದಿನದಲ್ಲೇ.

ನಮ್ಮ ಸಂತೆಕಲ್ಲೂರಿನಲ್ಲಿ ಕೀಲಿ ಹಾಕುವವರೇ ಕಡಿಮೆ. ಹೊಲಕ್ಕೆ ಹೋಗುವಾಗ ಬಾಗಿಲು ಎಳೆದು ಕೊಂಡಿಗೆ ಒಂದು ತೊಗರಿ ಕಟ್ಟಿಗೆ ಸಿಗಿಸಿದರೆ ಮುಗೀತು. ಕಟ್ಟಿಗೆ ಕಂಡರೆ ಒಳಗೆ ಯಾರೂ ಇಲ್ಲ ಎಂದು ಓಣಿಯ ನಾಯಿಗೂ ಗೊತ್ತು. ಕೀಲಿ ಎಂಬ ಮಾತು ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ, ನನ್ನ ಸಿಟ್ಟಿನಲ್ಲಿ.

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ. ನನ್ನ ತಮ್ಮ ಮರಿಸ್ವಾಮಿಗೆ ಇಪ್ಪತ್ತೆರಡು. ಅವನಿಗೆ ನಾಲ್ಕು ವರ್ಷವಿದ್ದಾಗ ನಮ್ಮವ್ವ ತೀರಿಕೊಂಡಳು. ನನ್ನ ಗಂಡನೂ ಮದುವೆಯಾದ ಮೂರನೇ ವರ್ಷಕ್ಕೆ ಹೋದ. ತವರಿಗೆ ಬಂದು ತಮ್ಮನನ್ನು ನಾನೇ ಸಾಕಿದೆ. ಮುಕ್ಕುಂದದ ಹಂಪಣ್ಣನ ಮಗಳನ್ನು ಅವನಿಗೆ ನೋಡಿದ್ದೆ. ಬೀಗರು ಬಂದು ಕಂಬಳಿ ಮೇಲೆ ಕೂತಿದ್ದಾರೆ, ಸಕ್ಕರೆ ತಟ್ಟೆಯಲ್ಲಿದೆ. ಆಗ ಈ ಪುಣ್ಯಾತ್ಮ ಎದ್ದು ನಿಂತು, "ಹೈದರಾಬಾದಿನಾಗ ಸರಕಾರಿ ನೌಕರಿ ಸಿಕ್ಕೈತ್ರಿ, ಈಗ ನನಗ ಲಗ್ನ ಬ್ಯಾಡ" ಎಂದ. ಹಂಪಣ್ಣ ಸಕ್ಕರೆ ಮುಟ್ಟದೆ ಎದ್ದು ಹೋದ. ನನಗೆ ಊರ ಮುಂದೆ ಮುಖ ಇಲ್ಲದಂತಾಯಿತು.

"ನಿನ್ನ ಪಾಲಿಗೆ ಈ ಮನಿಗೆ ಕೀಲಿ ಬಿದ್ದೈತಿ ಅಂತ ತಿಳ್ಕೊ," ಅಂದೆ. "ನಾನಾಗಿ ತಗೀಮಟ ಈ ಕಟ್ಟಿ ಹತ್ತಬ್ಯಾಡ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ದಿನ ಬಿಟ್ಟು ಹಲ್ಲು ಕಿರಿಯುತ್ತ ಬರುತ್ತಿದ್ದರು. ನನ್ನ ತಮ್ಮ ಹಾಗಲ್ಲ. ಹೇಳಿದ ಮಾತನ್ನು ಅಳತೆ ಮಾಡಿ ಹಿಡಿಯುವವನು. ಆರು ವರ್ಷದವನಿದ್ದಾಗ ಮಸ್ಕಿ ಸಂತೆಯಲ್ಲಿ, "ನಾ ಬರೋಮಟ ಇಲ್ಲೇ ಕುಂತಿರು" ಎಂದು ಬೇವಿನ ಗಿಡದ ಕೆಳಗೆ ಕೂಡಿಸಿ, ಬಳೆ ನೋಡುತ್ತ ಅವನನ್ನು ಮರೆತೇಬಿಟ್ಟಿದ್ದೆ. ಅರ್ಧ ದಾರಿ ನಡೆದ ಮೇಲೆ ನೆನಪಾಗಿ ಓಡಿ ಬಂದರೆ, ಸಂತೆಯೆಲ್ಲ ಕರಗಿ ಇವನೊಬ್ಬ ಹಾಗೇ ಕೂತಿದ್ದ. ಅಳುತ್ತಲೂ ಇರಲಿಲ್ಲ. "ನೀ ಬರ್ತೀನಿ ಅಂದಿದ್ದೆಲ್ಲಾ" ಎಂದ.

ಹೈದರಾಬಾದಿನಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಲಿಂಗಸುಗೂರಿನ ಸಾಲೆಯಲ್ಲಿ ಅವನು ಓದಿದ್ದು ಉರ್ದು. ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ನನಗೋ ಮಠದ ಅಯ್ಯನವರು ಕಲಿಸಿದ ಕನ್ನಡ ನಾಲ್ಕಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ದರ್ಜಿಯ ಹೆಂಡತಿ ನಜಮಾಳಿಂದ ಓದಿಸಬೇಕು. ಎಲ್ಲ ಕಾಗದದಲ್ಲೂ ಒಂದೇ ಮಾತು: ಅಕ್ಕ, ನಾನಿರುವ ಖೋಲಿಯ ಮುಂದೆಯೇ ಪುರಾನಾ ಪುಲ್ ಇದೆ, ಸುಲ್ತಾನರ ಕಾಲದ ಸೇತುವೆ, ಒಂದು ಸಲ ನೋಡಲು ಬಾ. ತಮ್ಮ ಕರೆಯುವುದನ್ನು ಪರರ ಬಾಯಲ್ಲಿ ಕೇಳುವಾಗ ನನಗೆ ನಾಚಿಕೆ ಆಗುತ್ತಿತ್ತು. ಕಾಗದ ಕಿತ್ತುಕೊಂಡು ಬಂದುಬಿಡುತ್ತಿದ್ದೆ. ಉತ್ತರ ಬರೆಸಲಿಲ್ಲ. ಏಳು ವರ್ಷ ಬರೆಸಲಿಲ್ಲ.

ಐವತ್ತಾರನೇ ಇಸವಿ ಕಾಗದ ಬರಲಿಲ್ಲ. ನವೆಂಬರ್ ಒಂದಕ್ಕೆ ಸಾಲೆಯಲ್ಲಿ ಮಕ್ಕಳಿಗೆ ಪೇಡೆ ಹಂಚಿ, ಇನ್ನು ಮೇಲೆ ನಾವು ಮೈಸೂರು ರಾಜ್ಯ, ಹೈದರಾಬಾದಿಗೂ ನಮಗೂ ಸಂಬಂಧ ಮುಗೀತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ತಟ್ಟಲಿಲ್ಲ. ಅಲ್ಲಿಯವರೆಗೆ ದೂರದಲ್ಲಿದ್ದ ತಮ್ಮ ಈಗ ಪರರಾಜ್ಯದವನಾಗಿಬಿಟ್ಟ. ಹೋಗಿ ಕರೆದುಕೊಂಡು ಬರಬೇಕು, ನನ್ನ ಬಾಯಿಂದ ಬಿದ್ದ ಮಾತನ್ನು ನನ್ನ ಬಾಯಿಂದಲೇ ಎತ್ತಿಕೊಳ್ಳಬೇಕು ಎಂದು ಗಟ್ಟಿ ಮಾಡಿದೆ.

ಆದರೆ ಸೊಕ್ಕು ಹಾಗೆ ಬಿಟ್ಟೀತೇ? ಏಳು ವರ್ಷ ಬಿಗಿದುಕೊಂಡಿದ್ದವಳು ತಮ್ಮನ ಬಾಗಿಲಿಗೆ ಹೊರಟಳು ಎಂದು ಊರು ನಗಬಾರದು. ಪಕ್ಕದ ಮನೆಯ ಪಕೀರಮ್ಮನಿಗೆ, "ಸಿಂಧನೂರಾಗ ಲಗ್ನ ಐತಿ, ಎರಡು ದಿನ ಹೋಗಿಬರ್ತೀನಿ, ಎಮ್ಮಿ ನೋಡ್ಕೊ" ಎಂದು ಸುಳ್ಳು ಹೇಳಿದೆ. ಲಿಂಗಸುಗೂರಿನ ಭಾನುವಾರದ ಸಂತೆಯಲ್ಲಿ ತಾಲೂಕು ಕಚೇರಿಯ ಎದುರಿಗಿನ ಅಂಗಡಿಯಿಂದ ಒಂದು ಹಿತ್ತಾಳೆ ಕೀಲಿ ತಂದೆ. ಬುಧವಾರ ಬೆಳಿಗ್ಗೆ ಅದನ್ನು ಬಾಗಿಲಿಗೆ ಜಡಿದು, ಚಾವಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡೆ. ರಾಯಚೂರಿಗೆ ಲಿಂಗಸುಗೂರಿನ ಮೇಲೆ ಹೋಗುವುದು ನನಗೆ ರೂಢಿ. ಆದರೆ ಆಡಿದ ಸುಳ್ಳಿಗೆ ಸರಿಯಾಗಿ ಮಸ್ಕಿಯಲ್ಲಿ ಸಿಂಧನೂರಿನ ಮೋಟಾರು ಹತ್ತಿದೆ. ಅಲ್ಲಿಂದ ಮಾನ್ವಿ, ರಾಯಚೂರು, ಆಮೇಲೆ ರೈಲು.

ಗುರುವಾರ ಮಧ್ಯಾಹ್ನ ಸೈಕಲ್ ರಿಕ್ಷಾದವನು ನನ್ನನ್ನು ಪುರಾನಾ ಪುಲ್ ಬಳಿ ಇಳಿಸಿದ. ನಿಜ ಹೇಳುತ್ತೇನೆ, ಸೇತುವೆ ನೋಡಿ ನನಗೆ ಮೊದಲು ಏನೂ ಅನ್ನಿಸಲಿಲ್ಲ. ಕಲ್ಲಿನ ಕಮಾನುಗಳ ಸಾಲು, ತುದಿಗೊಂದು ದೊಡ್ಡ ದರವಾಜೆ, ಕೆಳಗೆ ಹರಿದೂ ಹರಿಯದ ಮೂಸಿ ಹೊಳೆ. ನೀರಿಗಿಂತ ಅಗಸರ ಬಟ್ಟೆಯೇ ಹೆಚ್ಚು. ಇದನ್ನು ನೋಡಲು ಏಳು ವರ್ಷ ಕರೆದನೇ ಎನ್ನಿಸಿತು.

ಕಾಗದದ ಮೇಲಿನ ವಿಳಾಸ ತೋರಿಸಿದಾಗ ಸೇತುವೆಗೆ ಮುಖ ಮಾಡಿದ ಎರಡು ಅಂತಸ್ತಿನ ಮನೆಯೊಂದನ್ನು ತೋರಿಸಿದರು. ಖೋಲಿಗೊಂದು ಸಂಸಾರ. ಮನೆಯ ಒಡತಿ ಜಮೀಲಾಬೀ ಅರವತ್ತರ ಹೆಂಗಸು, ಬಾಯಲ್ಲಿ ಎಲೆಯಡಿಕೆ. ಅವಳಿಗೆ ಕನ್ನಡ ಬಾರದು. ನನಗೆ ಬರುವ ಉರ್ದು ಸಂತೆಯಲ್ಲಿ ಚೌಕಾಸಿ ಮಾಡುವಷ್ಟು.

"ಮರಿಸ್ವಾಮಿ. ನನ್ ತಮ್ಮ. ಭಾಯಿ," ಅಂದೆ.

ಅವಳ ಮುಖ ಅರಳಿತು. "ಸ್ವಾಮಿಸಾಬ್ ಕೀ ಆಪಾ!" ಎಂದು ನನ್ನ ಕೆನ್ನೆ ಹಿಡಿದಳು. ಆಮೇಲೆ ಕೈ ತಿರುವಿದಳು. "ವೋ ತೋ ಪರಸೂಂ ಗಯೇ ನಾ."

ಪರಸೂಂ ಅಂದರೆ ಮೊನ್ನೆ. ಅಷ್ಟು ಉರ್ದು ನನಗೂ ಗೊತ್ತು. ಮೊನ್ನೆ ಹೋದ. ನಾನು ಕೀಲಿ ಜಡಿಯುವ ಹಿಂದಿನ ದಿನ! ಹಣೆ ಬಡಿದುಕೊಂಡೆ. "ಯಾವಾಗ ಬರ್ತಾನ? ಕಬ್ ಆತಾ?" ಎಂದು ಕೇಳಿದೆ.

ಅವಳು ಮೇಲಕ್ಕೆ ಕರೆದೊಯ್ದು ಖೋಲಿಯ ಬಾಗಿಲು ತೆರೆದಳು. ಒಂದು ಮಂಚ, ಒಂದು ಹೂಜಿ, ಗೂಟಕ್ಕೆ ಹರಕು ಕೋಟು. ಮಂಚದ ಕೆಳಗೆ ಹುರಿಯಲ್ಲಿ ಬಿಗಿದ ಕಾಗದ ಪುಸ್ತಕಗಳ ಗಂಟು. ಅದನ್ನು ತೋರಿಸಿ, "ಸಾಮಾನ್ ಹೈ. ಆತೇ, ಆತೇ. ಪರಸೂಂ ಆತೇ," ಎಂದಳು.

ಇದೇನು ಭಾಷೆ ಮಾರಾಯರೇ! ಹೋದದ್ದೂ ಪರಸೂಂ, ಬರುವುದೂ ಪರಸೂಂ. ನಮ್ಮಲ್ಲಿ ಹೋದದ್ದಕ್ಕೆ ಮೊನ್ನೆ, ಬರುವುದಕ್ಕೆ ನಾಡಿದ್ದು ಎಂದು ಬೇರೆ ಬೇರೆ ಇಟ್ಟಿದ್ದಾರೆ. ಇವರಿಗೆ ಅಷ್ಟೂ ಬಡತನವೇ ಎಂದು ಮನಸ್ಸಿನಲ್ಲೇ ನಕ್ಕೆ. ಮೊನ್ನೆ ಕ್ಯಾಂಪಿಗೆ ಹೋಗಿದ್ದಾನೆ, ನಾಡಿದ್ದು ಬರುತ್ತಾನೆ ಎಂದು ಲೆಕ್ಕ ಹಾಕಿ, ಆ ಖೋಲಿಯಲ್ಲೇ ಉಳಿದೆ.

ಶುಕ್ರವಾರ ಖೋಲಿ ಸಾರಿಸಿದೆ. ಜಮೀಲಾಬೀಯ ಒಲೆಯಲ್ಲಿ ಜೋಳದ ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಬಿಚ್ಚಿಟ್ಟೆ. ಅವನಿಗೆಂದು ಎರಡು ರೊಟ್ಟಿ ಹೆಚ್ಚು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನ ಹೆಂಗಸರೆಲ್ಲ ಬಂದು ಬಾಯಿಗೆ ಸೆರಗು ಹಚ್ಚಿ ನಿಂತರು. ನಕ್ಕರೋ, ಮೆಚ್ಚಿದರೋ ತಿಳಿಯಲಿಲ್ಲ. ಶನಿವಾರ ನನ್ನ ಲೆಕ್ಕದ ನಾಡಿದ್ದು. ಬೆಳಗಿನಿಂದ ಕಿಟಕಿ ಬಿಟ್ಟು ಏಳಲಿಲ್ಲ. ಸೇತುವೆಯ ಮೇಲೆ ಟಾಂಗಾ, ಎತ್ತಿನ ಬಂಡಿ, ಬುರ್ಖಾ, ಹಾಲಿನ ಎಮ್ಮೆ, ಶವಗಳು ಸಹ ಹೋದವು. ಮರಿಸ್ವಾಮಿಯ ನಡಿಗೆ ಒಬ್ಬರದೂ ಇರಲಿಲ್ಲ. ರೊಟ್ಟಿ ಒಣಗಿದವು. ಕೆಳಗೊಯ್ದು ಅಗಸರಿಗೆ ಕೊಟ್ಟೆ.

ಒಂಟಿತನ ನನಗೆ ಹೊಸದಲ್ಲ. ಊರಲ್ಲಿ ಒಂಟಿ ಇದ್ದರೂ ಎಮ್ಮೆ ಇದೆ, ಬೈಯಲು ಪಕೀರಮ್ಮ ಇದ್ದಾಳೆ. ಈ ಪಟ್ಟಣದಲ್ಲಿ ನಾನು ಕೂಗಿದರೂ ಯಾರಿಗೂ ಅರ್ಥವಾಗದು ಎಂಬುದು ಮೈಮೇಲೆ ತಣ್ಣೀರು ಸುರಿದ ಹಾಗಿತ್ತು. ತಮ್ಮನೂ ಏಳು ವರ್ಷ ಹೀಗೇ ಇದೇ ಕಿಟಕಿಯಲ್ಲಿ ಕೂತಿರಬೇಕು ಎಂದು ಹೊಳೆದಾಗ ಕಣ್ಣೀರು ತಡೆಯಲಿಲ್ಲ.

ಭಾನುವಾರ ಮನಸ್ಸು ತಡೆಯದೆ ಮಂಚದ ಕೆಳಗಿನ ಗಂಟು ಬಿಚ್ಚಿದೆ. ಉರ್ದು ಪುಸ್ತಕಗಳ ನಡುವೆ ಒಂದು ನೋಟ್‌ಬುಕ್ಕು. ತೆರೆದರೆ ಕನ್ನಡ! ಅ ಆ ಇ ಈ, ಸಣ್ಣ ಮಕ್ಕಳ ಹಾಗೆ ಗೆರೆ ಹಾಕಿ ತಿದ್ದಿದ್ದ. ಮುಂದಿನ ಹಾಳೆಯ ತುಂಬ ಒಂದೇ ಮಾತು. ಮೊದಲು 'ಅಕ', ಆಮೇಲೆ 'ಅಕಕ', ಅದನ್ನು ಹೊಡೆದು ಕೊನೆಗೆ ಒತ್ತು ಸರಿಯಾಗಿ ಕೂತ 'ಅಕ್ಕ'. ಇಪ್ಪತ್ತು ಸಲ, ಮೂವತ್ತು ಸಲ, ಅಕ್ಕ ಅಕ್ಕ ಅಕ್ಕ. ಓದಲು ನಜಮಾ ಬೇಕಾಗಲಿಲ್ಲ. ನಾನೇ ಓದಿದೆ, ಬೆರಳಿಟ್ಟು ಓದಿದೆ. ನೋಟ್‌ಬುಕ್ಕನ್ನು ತಲೆದಿಂಬಿನ ಕೆಳಗಿಟ್ಟುಕೊಂಡೆ. ಇನ್ನು ಅವನು ಬರುವವರೆಗೆ ಇಲ್ಲಿಂದ ಕದಲುವುದಿಲ್ಲ ಎಂದು ಆಗಲೇ ಹಟ ಹಿಡಿದದ್ದು.

ಸೋಮವಾರ ಸಂಜೆ ರೊಟ್ಟಿ ಕಟ್ಟಿಕೊಂಡು ಸೇತುವೆಯ ಮೇಲೇ ಹೋಗಿ ಕೂತೆ. ಬಂದರೆ ಇಲ್ಲಿಂದಲೇ ಬರಬೇಕಲ್ಲ. ಹೊತ್ತು ಹೋಗದೆ ಕಮಾನು ಎಣಿಸಿದೆ. ಒಮ್ಮೆ ಇಪ್ಪತ್ತೆರಡು, ಒಮ್ಮೆ ಇಪ್ಪತ್ಮೂರು. ಜಮೀಲಾಬೀ ಹುಡುಕುತ್ತ ಬಂದು ಪಕ್ಕದಲ್ಲಿ ಕೂತಳು. ಕೈಸನ್ನೆ ಮಾಡುತ್ತ ಸೇತುವೆಯ ಕಥೆ ಹೇಳಿದಳು. ಯಾವನೋ ಶಹಜಾದೆ, ಸುಲ್ತಾನನ ಮಗ, ಪ್ರೀತಿಸಿದವಳನ್ನು ನೋಡಲು ತುಂಬಿದ ಹೊಳೆಗೆ ಕುದುರೆ ಇಳಿಸಿದನಂತೆ. ಮಗ ಬದುಕಿ ಬಂದದ್ದೇ ದೊಡ್ಡದೆಂದು ತಂದೆ ಬಯ್ಯದೆ ಈ ಪುಲ್ ಕಟ್ಟಿಸಿದನಂತೆ. ಕಥೆ ನಿಜವೋ ಸುಳ್ಳೋ. ಮಾತು ಕೇಳದ ಮಗನಿಗೆ ಒಬ್ಬ ಸೇತುವೆ ಕಟ್ಟಿದ, ಮಾತು ಕೇಳದ ತಮ್ಮನಿಗೆ ನಾನು ಕೀಲಿ ಜಡಿದೆ ಎನ್ನಿಸಿ ತಲೆ ತಗ್ಗಿಸಿದೆ.

ಅವಳು ನನ್ನ ಗಲ್ಲ ಎತ್ತಿ ತನ್ನ ಮನೆಯ ಗೋಡೆ ತೋರಿಸಿದಳು. ಮೇಲಂತಸ್ತಿನ ಕಿಟಕಿಯ ಮಟ್ಟಕ್ಕೆ ಕಲ್ಲಿನಲ್ಲಿ ಕೊರೆದ ಗೆರೆಯೊಂದಿತ್ತು. "ಪರಸೂಂ ತುಗ್ಯಾನಿ ಆಯೀ ಥೀ ನಾ," ಎಂದಳು. "ಪಾನೀ ವಹಾಂ ತಕ್!" ಹೊಳೆಗೆ ಮಹಾಪೂರ ಬಂದು ನೀರು ಅಲ್ಲಿಯವರೆಗೆ ಏರಿತ್ತು ಎಂದು ಕೈ ಎತ್ತಿದಳು.

ನಾನು ಗೆರೆ ನೋಡಿದೆ, ಹೊಳೆ ನೋಡಿದೆ. ಹೊಳೆಯಲ್ಲಿ ಕೋಳಿ ಕಾಲು ತೊಳೆಯುವಷ್ಟು ನೀರು. ಮೊನ್ನೆ ನಾನಿಲ್ಲೇ ಕಿಟಕಿಯಲ್ಲಿ ಕೂತಿದ್ದೆ!

"ಪರಸೂಂ?" ಅಂದೆ.

"ಹೌ, ಪರಸೂಂ. ಮೈ ಇತ್ತೀ ಥೀ," ಎಂದು ನೆಲದಿಂದ ಐದಾರು ಗೇಣು ಎತ್ತರ ತೋರಿಸಿದಳು. ಅವಳು ಅಷ್ಟು ಎತ್ತರವಿದ್ದಾಗ. ಹೆಚ್ಚೂಕಡಿಮೆ ಐವತ್ತು ವರ್ಷದ ಹಿಂದೆ.

ಇವಳ ಪರಸೂಂ ಮೊನ್ನೆಯಲ್ಲ. ಇವಳಿಗೆ ಕಳೆದುಹೋದದ್ದೆಲ್ಲ ಪರಸೂಂ. ಅವಳ ರಟ್ಟೆ ಹಿಡಿದು ಅಲುಗಾಡಿಸಿದೆ. "ಸ್ವಾಮಿಸಾಬ್? ಕೌನ್ಸಾ ಪರಸೂಂ?"

"ದಿವಾಲೀ ಕೇ ಪೆಹಲೇ," ಎಂದಳು ಗಾಬರಿಯಾಗಿ. "ಅಪ್ನೇ ಮುಲ್ಕ್ ಗಯೇ. ಸಂದೂಕ್ ಲೇಕೇ."

ದೀಪಾವಳಿಗೂ ಮೊದಲೇ, ಪೆಟ್ಟಿಗೆ ಸಮೇತ, ತನ್ನ ನಾಡಿಗೆ ಹೋಗಿದ್ದಾನೆ. ನಾನಿಲ್ಲಿ ಖಾಲಿ ಖೋಲಿ ಸಾರಿಸುತ್ತ ನಾಲ್ಕು ದಿನ ಕೂತಿದ್ದೇನೆ. ಜಮೀಲಾಬೀಯನ್ನು ಬಾಯಿಗೆ ಬಂದ ಹಾಗೆ ಬೈದೆ. ಕನ್ನಡದಲ್ಲಿ ಬೈದೆ, ಅವಳಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ತಪ್ಪು ಅವಳದೇನಿದೆ? ನಮ್ಮ ಓಣಿಯ ಮುದುಕಿಯರೂ ಹೋದ ವರ್ಷ ಸತ್ತವನನ್ನು ಮೊನ್ನೆ ಸತ್ತ ಎನ್ನುವುದಿಲ್ಲವೇ? ಅದು ನನಗೆ ಹೊಳೆಯಲೇ ಇಲ್ಲ.

ಮಂಗಳವಾರ ಹೊರಟೆ. ನೋಟ್‌ಬುಕ್ಕನ್ನು ಮಾತ್ರ ತಂದೆ. ಬುಧವಾರ ಮಧ್ಯಾಹ್ನ ಊರು ಮುಟ್ಟಿದಾಗ ಪಕೀರಮ್ಮ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು.

"ಎರಡು ದಿನ ಅಂದಾಕಿ ಎಂಟು ದಿನಕ್ಕ ಬಂದಿ. ಎಂಥಾ ಲಗ್ನಬೇ ಅದು?" ಎಂದಳು. ಆಮೇಲೆ, "ನಿನ್ನ ತಮ್ಮ ಬಂದಿದ್ದ ನೋಡು, ಮೊನ್ನೆ."

ನನ್ನ ಕಾಲು ಅಲ್ಲೇ ನಿಂತವು. "ಯಾವ ಮೊನ್ನೆ?"

"ಯಾವ ಮೊನ್ನೆ ಅಂದ್ರ? ಮೊನ್ನೆ ಅಂದ್ರ ಮೊನ್ನೆ, ಸೋಮಾರ. ನಿನಗೇನು ತಲಿ ಗಿಲಿ ಕೆಟ್ಟೈತೇನು?"

"ಏನಂದ? ಏನೇನಂದ, ಎಲ್ಲಾ ಹೇಳು."

"ಏನನ್ನಾಕ ಏನೈತಿ. ಕಟ್ಟಿ ಹತ್ತಲಿಲ್ಲ. ಕೆಳಗ ನಿಂತು ಕೀಲಿ ನೋಡಾಕತ್ತಿದ್ದ. 'ಇದು ಯಾವಾಗಿಂದೈತಿ?' ಅಂದ. 'ನಿಮ್ಮಕ್ಕ ಲಿಂಗಸೂರು ಸಂತ್ಯಾಗ ಹೊಸಾದು ತಂದಾಳಪ್ಪ, ಸಿಂಧನೂರಿಗೆ ಲಗ್ನಕ್ಕ ಹೋಗ್ಯಾಳ, ಕೂಡು' ಅಂದೆ. ಕೂಡಲಿಲ್ಲ. ಎದುರಿಗೆ ಬೇವಿನ ಗಿಡದ ಬುಡಕ ಸಂಜಿಮಟ ಕುಂತ. ನೀರು ಕೊಟ್ರ ಕುಡದ. ಆಮ್ಯಾಲೆ ಎದ್ದು ಹೋದ."

ಸೋಮವಾರ ಸಂಜೆ. ನಾನು ಸೇತುವೆಯ ಮೇಲೆ ರೊಟ್ಟಿ ಗಂಟು ಹಿಡಿದು ಅವನ ದಾರಿ ನೋಡುತ್ತ ಕಮಾನು ಎಣಿಸುತ್ತಿದ್ದಾಗ, ಅವನು ಇಲ್ಲಿ ಗಿಡದ ಕೆಳಗೆ ಕೂತಿದ್ದ. ಈ ಸಲ ಅರ್ಧ ದಾರಿಯಿಂದ ಓಡಿ ಬರುವ ಅಕ್ಕ ಇರಲಿಲ್ಲ.

ಕೊರಳ ದಾರದ ಚಾವಿ ಎಳೆದು ತಿರುವಿದೆ. ಬಾಗಿಲು ತಳ್ಳಿದರೆ ಕಾಲ ಕೆಳಗೆ ಒಂದು ಕಾರ್ಡು. ಟಪಾಲಿನವನು ಸಂದಿಯಿಂದ ತೂರಿಸಿ ಹೋಗಿದ್ದ. ಕನ್ನಡದಲ್ಲಿತ್ತು. ಗೆರೆ ಹಾಕಿಕೊಂಡು ಬರೆದ ದಪ್ಪ ದಪ್ಪ ಅಕ್ಷರ. ಹೊಸ್ತಿಲಲ್ಲೇ ಕೂತು ಬೆರಳಿಟ್ಟು ಓದಿದೆ.

"ಅಕ್ಕ, ನಾ ಲಿಂಗಸೂರ ಕಚೇರಿಗೆ ಬಂದೀನಿ. ನಮ್ಮನ್ನ ಮೈಸೂರು ರಾಜ್ಯಕ್ಕ ಹಾಕ್ಯಾರ, ಕೆಲಸಕ್ಕ ಯಾವ ಊರು ಬೇಕು ಅಂತ ಕೇಳ್ಯಾರ. ಮಂಗಳವಾರ ಬರದು ಕೊಡಬೇಕು. ಸೋಮವಾರ ಮನಿಗೆ ಬರ್ತೀನಿ. ನೀ ಕೀಲಿ ತಗದಿದ್ರ ಲಿಂಗಸೂರಾಗ ಇರ್ತೀನಿ. ತಗದಿಲ್ಲ ಅಂದ್ರ ದೂರ ಬರದು ಕೊಡ್ತೀನಿ. ಬ್ಯಾಸರ ಮಾಡ್ಕಬ್ಯಾಡ. ತಮ್ಮ."

ಅವನು ಬರೆದದ್ದು ಮಾತಿನ ಕೀಲಿ. ಬಂದು ನೋಡಿದ್ದು ಹಿತ್ತಾಳೆಯ ಕೀಲಿ. ಕಾರ್ಡು ಓದಿಯೇ ಅಕ್ಕ ಜಡಿದು ಹೋಗಿದ್ದಾಳೆ ಎಂದುಕೊಂಡಿರಬೇಕು. ಇನ್ನೇನು ತಿಳಿದಾನು? ಏಳು ವರ್ಷದ ಮಾತನ್ನು ತೆಗೆಯಲು ಹೋದವಳು ನಾನೇ ಅದನ್ನು ಕಬ್ಬಿಣದ ಕೊಂಡಿಗೆ ಸಿಗಿಸಿ ಹೋಗಿದ್ದೆ. ಅಯ್ಯೋ ನನ್ನ ಕರ್ಮವೇ ಎಂದು ಓಣಿಗೆ ಕೇಳುವ ಹಾಗೆ ಅತ್ತೆ. ಯಾರು ನಕ್ಕರೂ ನಗಲಿ ಎನ್ನಿಸಿತು.

ಮರುದಿನ ಮೊದಲ ಮೋಟಾರಿಗೆ ಲಿಂಗಸುಗೂರಿಗೆ ಹೋದೆ. ಕಚೇರಿಯಲ್ಲಿ ಕರಿಬಸಪ್ಪ ಎಂಬ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

"ಮರಿಸ್ವಾಮ್ಯಾರೇನ್ರಿ? ಹದಿನೈದು ದಿನ ಇಲ್ಲೇ ಇದ್ರು. ಮಂಗಳವಾರ ಚಾಮರಾಜನಗರ ಅಂತ ಬರಕೊಟ್ರು, ನಿನ್ನೆ ಹೋದ್ರು. ಸನೇದ ಊರು ಬಿಟ್ಟು ಅಷ್ಟು ದೂರ ಯಾಕ್ರೀ ಅಂತ ನಾನೂ ಕೇಳಿದೆ. ನಕ್ಕು ಕಾಗದ ಮುಂದ ಸರಿಸಿದ್ರು."

"ಆ ಊರು ಎಲ್ಲಿ ಬರ್ತೈತ್ರಿ?"

"ರಾಜ್ಯದ ಆ ತುದಿ ಯವ್ವಾ. ಇದೇ ರಾಜ್ಯ, ಆದ್ರ ಹೈದರಾಬಾದಿಗಿಂತ ದೂರ."

ಹದಿನೈದು ದಿನ. ಹೊರಗೆ ಬಂದರೆ ಎದುರಿಗೇ ನಾನು ಕೀಲಿ ಕೊಂಡ ಅಂಗಡಿ. ಆ ಭಾನುವಾರವೂ ಅವನು ಈ ಊರಲ್ಲೇ ಇದ್ದ. ಅಂಗಡಿಯವನು ಗುರುತು ಹಿಡಿದು, "ಕೀಲಿ ಚಲೋ ಐತೇನ್ರಿ?" ಎಂದ. ಚಲೋ ಐತಪ್ಪ ಎಂದೆ.

ಅಂದು ಸಂಜೆಯೇ ಕಾರ್ಡು ಬರೆದೆ. ಯಾರಿಂದಲೂ ಬರೆಸಲಿಲ್ಲ. ಎರಡೇ ಮಾತು: ತಮ್ಮ, ಕೀಲಿ ತಗದೀನಿ, ಬಾ. ಚಾಮರಾಜನಗರದಲ್ಲಿ ಯಾವ ಕಚೇರಿಯೋ ಯಾವ ಓಣಿಯೋ ಗೊತ್ತಿಲ್ಲ, ಬರಿಯ ಹೆಸರು ಊರು ಬರೆದು ಹಾಕಿದೆ. ಹಾಕಿ ಇಪ್ಪತ್ತು ದಿನವಾಯಿತು. ಕೀಲಿಯನ್ನು ಬಾವಿಗೆ ಒಗೆದೆ. ಹೊಲಕ್ಕೆ ಹೋಗುವಾಗ ಈಗ ಕೊಂಡಿಗೆ ತೊಗರಿ ಕಟ್ಟಿಗೆಯನ್ನೂ ಸಿಗಿಸುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ಎಮ್ಮೆ ಎರಡು ಸಲ ಒಳಗೆ ಹೊಕ್ಕು ಹಿಟ್ಟು ತಿಂದಿತು.

ಪಕೀರಮ್ಮ ದಿನವೂ ತೊಗರಿ ಕೇರುತ್ತ ಕೇಳುತ್ತಾಳೆ, "ಯಕ್ಕಾ, ಯಾವಾಗ ಬರ್ತಾನ ನಿನ್ನ ತಮ್ಮ?"

ನಾಡಿದ್ದು ಅಂದರೆ ನಾಡಿದ್ದು ಬಂದೇ ಬಿಡುತ್ತದೆ, ಅವನು ಬಂದಿರುವುದಿಲ್ಲ. ಮೊನ್ನೆಯಂತೂ ಬಂದು ಹೋಗಿಯೇ ಬಿಟ್ಟ. ನಮ್ಮ ಮಾತುಗಳು ಬಹಳ ಕಟ್ಟುನಿಟ್ಟು, ನನ್ನ ತಮ್ಮನ ಹಾಗೆ. ಅದಕ್ಕೆ ನಾನು ಜಮೀಲಾಬೀಯ ಮಾತನ್ನೇ ಹೇಳುತ್ತೇನೆ.

"ಪರಸೂಂ," ಎನ್ನುತ್ತೇನೆ.